ಚಿಲಕಕ್ಕೆ ಹಚ್ಚಿದ ವಿಭೂತಿ

ಮೊನ್ನೆ ಮೈಲೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಒಬ್ಬ ಯಾವುದೋ ತುಕ್ಕು ಹಿಡಿದ ಸಾಮಾನನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೀದರಿನ ಚಿದ್ರಿಯಲ್ಲಿ ನಾನು ಬಾಡಿಗೆಗಿದ್ದ ಮನೆ ನೆನಪಾಯಿತು. ಪಕ್ಕದ ಮನೆಯ ಕಾಕಾ ನೆನಪಾದರು. ತಮ್ಮ ಗಾಡಿಯ ಹಿಂಭಾಗಕ್ಕೆ ಹೊಟ್ಟೆ ಆನಿಸಿ ನಿಂತು, ಹಲ್ಲುಜ್ಜಿ ಸವೆದ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತ, ಒಂದು ಚಿಲಕದ ಜೊತೆ ಜಗಳಾಡುತ್ತಿದ್ದ ಕಾಕಾ...

ಈಗಿನವರು ಎಸ್‌ಯುವಿ ಅನ್ನುತ್ತಾರಲ್ಲ, ಆ ಜಾತಿಯ ಗಾಡಿ ಅದು. ನಮ್ಮ ಓಣಿಗೆ ಮಾತ್ರ ಅದು ಜೀಪು. ಕಾಕಾ ಕೊಳ್ಳುವ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು. ಹಾರ್ನ್ ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತದೆ ಅನ್ನುವ ಹಳೆಯ ಮಾತು ಆ ಗಾಡಿಗೆ ಸುಳ್ಳಾಗಿತ್ತು, ಯಾಕೆಂದರೆ ಅದರ ಹಾರ್ನೂ ತನ್ನಷ್ಟಕ್ಕೆ ತಾನೇ ಕೂಗುತ್ತಿತ್ತು. ಕಾಕಾ ಅದರಲ್ಲಿ ಔರಾದ ಕಡೆಯ ಹಳ್ಳಿಗಳಿಂದ ಬೀದರಿಗೂ ಭಾಲ್ಕಿ ಸ್ಟೇಷನ್ನಿಗೂ ಜನರನ್ನು ಸಾಗಿಸುತ್ತಿದ್ದರು.

ಬರ ಬಿದ್ದ ವರ್ಷಗಳು ಅವು. ಜನ ಗಂಟು ಮೂಟೆ ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ ಗುಳೆ ಹೊರಟಿದ್ದರು. ಮೊದಮೊದಲು ಗಾಡಿ ಹೋಗುವಾಗ ತುಂಬಿರುತ್ತಿತ್ತು, ಬರುವಾಗ ಖಾಲಿ. ಬರಬರುತ್ತ ಹೋಗುವಾಗಲೂ ಖಾಲಿ. "ಅಕ್ಕೋರೆ, ಎಲ್ಲಾರಿಗೂ ನಾನೇ ಒಯ್ದು ಬಿಟ್ಟು ಬಂದೆ. ಈಗ ಗಾಡಿಗೆ ಮಂದಿ ಎಲ್ಲಿಂದ ತರ್ಲಿರಿ?" ಅನ್ನುತ್ತಿದ್ದರು. ನಾನು ಶಾಲೆಯ ಟೀಚರ್ ಆದ್ದರಿಂದ ಇಡೀ ಓಣಿಗೇ ಅಕ್ಕೋರು. ನನ್ನ ತರಗತಿಯಲ್ಲೂ ಬೆಂಚುಗಳು ಖಾಲಿಯಾಗುತ್ತಿದ್ದವು, ಹಾಗಾಗಿ ಅವರ ಮಾತಿಗೆ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ.

ಕೊನೆಗೆ ಕಾಕಾ ಗಾಡಿ ಮಾರಿ ತಾವೂ ಪುಣೆಗೆ ಹೋಗುವುದೆಂದು ಮಾತಾಯಿತು. ಅವರ ಹೆಂಡತಿ ಕಾಕಿಯ ಅಣ್ಣ ಅಲ್ಲಿದ್ದ. ಯಾವುದೋ ಕಂಪನಿಯಲ್ಲಿ ಡ್ರೈವರ್ ಕೆಲಸ ಕೊಡಿಸುತ್ತೇನೆಂದು ಹೇಳಿ ಕಳಿಸಿದ್ದ. ಗಂಡ ಹೆಂಡತಿ ಇಬ್ಬರೇ ಇದ್ದವರು. ಮನೆಗೆ ಬೀಗ ಹಾಕಿದರೆ ಮುಗಿಯಿತು. ಆ ಬೀಗ ನೋಡಿಕೊಂಡು ಪಕ್ಕದಲ್ಲಿ ಹೇಗಿರುವುದೆಂದು ನನಗೆ ನನ್ನದೇ ಚಿಂತೆ.

ಗಾಡಿ ನೋಡಲು ಭಾಲ್ಕಿಯಿಂದ ಮದುವೆ ಬ್ಯಾಂಡಿನ ಯಜಮಾನನೊಬ್ಬ ಬಂದ. ಇಂಜಿನ್ನಿನ ಕೆಮ್ಮು ಕೇಳಿಯೂ ಬೇಡ ಅನ್ನಲಿಲ್ಲ. ಸೀಟಿನ ಹರಕು ಕಂಡರೂ ಸುಮ್ಮನಿದ್ದ. ಹಿಂದೆ ಹೋಗಿ ಕಿಟಕಿಯ ಚಿಲಕ ಎತ್ತಲು ನೋಡಿದ. ಅದು ಏಳಲಿಲ್ಲ. ಚಿಲಕ ಎತ್ತಿದರೆ ಹಿಂದಿನ ಗಾಜು ಹೊರಗೆ ಬಾಗಿ ಮೇಲಕ್ಕೆ ತೆರೆಯಬೇಕು. ಅದು ಅಲುಗಲೂ ಇಲ್ಲ.

"ಇದು ತೆರೀದಿದ್ರ ನನ್ನ ದೊಡ್ಡ ಪೀಪಾಣಿ ಬಾಯಿ ಎಲ್ಲಿ ಇಡ್ಲಿರಿ? ಅದರ ಬಾಯಿ ಹೊರಗ ಇರ್ಬೇಕು, ಊದಾಂವ ಒಳಗ ಇರ್ಬೇಕು" ಎಂದ. ಐತವಾರದೊಳಗೆ ಚಿಲಕ ಸರಿಯಾದರೆ ಗಾಡಿ ತನ್ನದು, ಇಲ್ಲದಿದ್ದರೆ ಬೇರೆ ನೋಡುತ್ತೇನೆಂದು ಹೇಳಿ ಹೋದ. ಹೀಗೆ ಕಾಕಾ ಪುಣೆಗೆ ಹೋಗುವುದೂ ಬಿಡುವುದೂ ಒಂದು ಚಿಲಕದ ಮೇಲೆ ನಿಂತಿತು.

ಅವತ್ತಿನಿಂದ ಓಣಿಯಲ್ಲಿ ಎಲ್ಲರೂ ಮೇಸ್ತ್ರಿಗಳೇ. ಒಬ್ಬರು ಶೇಂಗಾ ಎಣ್ಣೆ ಅಂದರು, ಒಬ್ಬರು ಮೇಣದಬತ್ತಿ ಅಂದರು, ಇನ್ನೊಬ್ಬರು ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿಯನ್ನೇ ತಂದರು. ಕಾಕಾ ಯಾರಿಗೂ ಇಲ್ಲವೆನ್ನದೆ ಎಲ್ಲವನ್ನೂ ಚಿಲಕಕ್ಕೆ ಹಾಕಿ ನೋಡಿದರು. ದಿನವೂ ಸಂಜೆ ಚಿಲಕ ಹೇಳಿದ ಮಾತು ಕೇಳುತ್ತಿತ್ತು. ಬೆಳಿಗ್ಗೆ ನೋಡಿದರೆ ಮತ್ತೆ ಕಚ್ಚಿಕೊಂಡು ಕೂತಿರುತ್ತಿತ್ತು. ಗಾಡಿಗೆ ಯಾರೋ ಕಣ್ಣು ಹಾಕಿದ್ದಾರೆಂದು ಎದುರುಮನೆಯ ಮುದುಕಿ ತೀರ್ಪು ಕೊಟ್ಟಳು. ಆ ಗಾಡಿಗೆ ಕಣ್ಣು ಹಾಕುವ ನತದೃಷ್ಟ ಯಾರಿರಬಹುದೆಂದು ನಾನು ಯೋಚಿಸಿದೆ.

ಒಂದು ಮುಂಜಾನೆ ನೀರಿಗೆಂದು ಕೊಡ ಹಿಡಿದು ಹೊರಬಂದರೆ, ಕಾಕಿ ಸ್ನಾನ ಮಾಡಿ, ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಚಿಲಕದ ಸಂದಿಗೆ ಒತ್ತುತ್ತಿದ್ದರು. ಹಣೆಗೆ ಹಚ್ಚುವಷ್ಟಲ್ಲ, ಗೋಡೆಯ ಬಿರುಕು ಮುಚ್ಚುವಷ್ಟು. ಹಿಂದಿನ ಸಂಜೆಯ ಎಣ್ಣೆಯ ಮೇಲೆ ಈ ಬೂದಿ. ಮೇಲೆ ಬೀದರಿನ ಬಿಸಿಲು. ಸಿಮೆಂಟಿಗೆ ಇನ್ನೇನು ಬೇಕು?

"ಇದೇನ್ರಿ ಕಾಕಿ?" ಎಂದೆ.

"ನೋವಿದ್ದಲ್ಲಿ ವಿಭೂತಿ ಹಚ್ಚೂದಲ್ಲೇನ್ರಿ ಅಕ್ಕೋರೆ? ದಿನಾ ಹಚ್ಚಲಿಕತ್ತೇನಿ. ಅವರಿಗೆ ಪುಣಾಕ್ಕ ಹೋಗೂ ಆಸಿ ಭಾಳ ಅದ. ದೇವರು ಇದೊಂದು ಆರಾಮ ಮಾಡ್ಲಿ" ಎಂದು ಚಿಲಕಕ್ಕೆ ಕೈ ಮುಗಿದರು.

ಕಾಕಾಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, "ಆಕಿಗೆ ಏನೂ ಅನಬ್ಯಾಡ್ರಿ, ಬೇಜಾರ ಆಗ್ತಾಳ. ನಾನೇ ಒರಸ್ಕೋತೇನಿ" ಎಂದರು.

ಐತವಾರ ಯಜಮಾನ ಬಂದ. ಕೊರಳಿಗೆ ಸುತ್ತಿಕೊಂಡು ಊದುವ ಆ ಹಿತ್ತಾಳೆಯ ಪೀಪಾಣಿಯನ್ನೂ ಜೊತೆಗೇ ತಂದಿದ್ದ, ಅಳತೆ ನೋಡಲಿಕ್ಕೆ. ಚಿಲಕಕ್ಕೆ ಅವನು ಕೈ ಹಾಕಲು ಹೋದರೆ ಕಾಕಾ ತಡೆದರು. "ತಡೀರಿ, ಇದಕ್ಕ ನನ್ನ ಕೈ ರೂಢಿ ಅದ." ಗಾಡಿಗೆ ಒರಗಿ ನಿಂತು ಜಗ್ಗಿದರು. ಹಲ್ಲು ಕಚ್ಚಿದರು. ಬೆವರು ಒರೆಸಿಕೊಂಡು ಮತ್ತೆ ಜಗ್ಗಿದರು. ಕಾಕಿ ಹೊಸ್ತಿಲಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ಗಾಜು ಜಪ್ಪಯ್ಯ ಅನ್ನಲಿಲ್ಲ. ಯಜಮಾನ ಪೀಪಾಣಿಯನ್ನು ಕೊರಳಿಗೆ ಹಾಕಿಕೊಂಡು, ಚಹಾ ಕೂಡ ಕುಡಿಯದೆ ಹೊರಟು ಹೋದ. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ" ಎಂದು ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಕಾ ಮಾತ್ರ ಅವನ ಪಾಲಿನ ಚಹಾವನ್ನೂ ಕುಡಿದರು.

ಅವರು ಹೋಗಲಿಲ್ಲವೆಂದು ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಅದನ್ನು ಮುಚ್ಚಿಡಲು ಬೇಗ ಒಳಗೆ ಬಂದುಬಿಟ್ಟೆ. ಆ ಬೇಸಿಗೆಯೆಲ್ಲ ಕಾಕಾ ಅಷ್ಟೂರ ಎಂಬ ಹಳ್ಳಿಯ ಕಡೆಯ ಬಾವಿಯಿಂದ ಡ್ರಮ್ಮುಗಳಲ್ಲಿ ನೀರು ತಂದು ಓಣಿ ಓಣಿಗೆ ಹಾಕಿ ದಿನ ನೂಕಿದರು. ಆಮೇಲೆ ಮಳೆ ಬಂತು. ಒಯ್ದು ಬಿಟ್ಟವರನ್ನು ಒಬ್ಬೊಬ್ಬರಾಗಿ ಅವರೇ ಕರೆತಂದರು, ಎಲ್ಲರನ್ನೂ ಅಲ್ಲ...

ಎಷ್ಟೋ ವರ್ಷಗಳ ಮೇಲೆ, ಕಾಕಾ ಕೊನೆಯ ಸಲ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಕಾಕಿ ಚಹಾಕ್ಕೆಂದು ಒಳಗೆ ಹೋದರು. ಕಾಕಾ ಕೈಸನ್ನೆಯಿಂದ ಹತ್ತಿರ ಕರೆದರು.

"ಆ ಐತವಾರ ಚಿಲಕ ಛಂದ ಏಳ್ತಿತ್ತು ಅಕ್ಕೋರೆ. ಮುಂಜಾನಿ ಎಲ್ಲಾ ಒರಸಿ, ತೆಗೆದು ನೋಡಿದ್ದೆ. ಕೈಲೆ ಜಗ್ಗಿದೆ ಖರೆ... ಹೊಟ್ಟಿಲೆ ಗಾಜು ಒತ್ತಿ ಹಿಡದಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಯಾಕೆ ಹಾಗೆ ಮಾಡಿದಿರೆಂದು ಕೇಳಿದೆ.

"ಊರು ಬಿಡೂ ಮನಸ್ಸಿರ್ಲಿಲ್ರಿ. ಆಕಿಗೆ ಅಣ್ಣನ ಊರಿಗೆ ಹೋಗೂ ಆಸಿ. ಒಲ್ಲೆ ಅಂದ್ರ ಆಕಿ ಮನಸ್ಸು ಮುರೀತದ. ಚಿಲಕದ ಮ್ಯಾಲ ಹಾಕಿದ್ರ ಯಾರ ಮನಸ್ಸೂ ಮುರಿಯಂಗಿಲ್ಲ."

ಆ ಮಳೆಗಾಲದಲ್ಲೇ ಕಾಕಾ ತೀರಿಕೊಂಡರು. ಆ ಮಾತು ನನ್ನ ಹತ್ತಿರವೇ ಉಳಿಯಿತು. ಮೊನ್ನೆ ಗ್ಯಾರೇಜಿನಿಂದ ಹೊರಟವಳು ಮನೆಗೆ ಹೋಗದೆ ನೇರ ಚಿದ್ರಿಗೆ ಹೋದೆ. ಕಾಕಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ.

ಕಾಕಿ ಮೊರ ಕೆಳಗಿಟ್ಟರು. ಮೊದಲು ನಕ್ಕರು. ಆಮೇಲೆ ಅವರ ಮುಖ ಕೆಂಪಾಯಿತು.

"ನನಗರ ಎಲ್ಲಿ ಹೋಗೂದಿತ್ರಿ ಅಕ್ಕೋರೆ? ಅಣ್ಣನ ಮನಿ ಬಾಗಲಾಗ ಹೋಗಿ ನಿಂದ್ರೂದು ನನಗ ಬೇಕಾಗಿತ್ತೇನು? ಇವರ ಸಲುವಾಗಿ ಹಚ್ಚಿದ್ನಲ್ರಿ ವಿಭೂತಿ!"

ಆಮೇಲೆ ಮನೆಯ ಬಾಗಿಲ ಕಡೆ ತಿರುಗಿ ದನಿ ಏರಿಸಿದರು. "ಏನ್ರೀ! ಬಾಯಿ ಬಿಟ್ಟು ಒಂದ್ ಮಾತು ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ಉತ್ತರಕ್ಕೆಂದು ನಾವಿಬ್ಬರೂ ಸ್ವಲ್ಪ ಹೊತ್ತು ಕಾದೆವು.