ಶುಕ್ರವಾರದ ಗೋದಲಿ

ಇದು 2017ರ ಮಾತೆಂದು ನನ್ನ ಹೆಂಡತಿ ಇಂದಿಗೂ ವಾದಿಸುತ್ತಾಳೆ. ಅಲ್ಲ. ಇದು ನಡೆದ ವರ್ಷ ಕ್ರಿಸ್‌ಮಸ್ ಮಂಗಳವಾರ ಬಂದಿತ್ತೆಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆ ದಶಕದಲ್ಲಿ ಹಾಗೆ ಬಂದದ್ದು 2012 ಮತ್ತು 2018ರಲ್ಲಿ ಮಾತ್ರ. 2012ರಲ್ಲಿ ನಾನಿನ್ನೂ ಮೈಸೂರಿನಲ್ಲಿ ಶಾಸನಗಳ ಕಾಲವನ್ನು ನಿರ್ಣಯಿಸುತ್ತ ಸಂಬಳ ಪಡೆಯುತ್ತಿದ್ದೆ. ಆದ್ದರಿಂದ 2018. ನಿವೃತ್ತನಾದ ಮೇಲೆ ವಿಸಿಟ್ ವೀಸಾದಲ್ಲಿ ಅಬುಧಾಬಿಗೆ ಬಂದು, ರೀಮ್ ಐಲ್ಯಾಂಡಿನ ಮಗಳ ಫ್ಲ್ಯಾಟಿನಲ್ಲಿದ್ದೆವು.

ಎದುರು ಬಾಗಿಲಿನ ಇಟಾಲಿಯನ್ ಹೆಣ್ಣುಮಗಳು ಹೋಟೆಲೊಂದರ ರಿಸೆಪ್ಶನ್ನಿನಲ್ಲಿದ್ದಳು. ನೇಪಲ್ಸಿನ ದಕ್ಷಿಣಕ್ಕಿರುವ ಒಂದು ಬಂದರು ಊರಿನವಳು. ಆ ಡಿಸೆಂಬರಿನಲ್ಲಿ ಅವಳ ಅಪ್ಪ, ಬಲೆ ಬೀಸುವುದನ್ನು ಬಿಟ್ಟ ಮೀನುಗಾರ, ಮೊದಲ ಬಾರಿಗೆ ಮಗಳಲ್ಲಿಗೆ ಬಂದಿದ್ದರು. ಸೂಟ್‌ಕೇಸಿನ ಅರ್ಧ ಉಪ್ಪುಮೀನು, ಉಳಿದರ್ಧ ಗೋದಲಿಯ ಗೊಂಬೆಗಳು. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ ಗೋದಲಿ ಎನ್ನುವುದನ್ನು ನಾನು ಕೆಳಮಹಡಿಯ ಮಂಗಳೂರಿನವರಿಂದ ಕಲಿತಿದ್ದೆ. ಮುದುಕರ ಗೋದಲಿಯಲ್ಲಿ ದೇವರ ಕಡೆಯವರು ಕಡಿಮೆ, ಊರಿನವರೇ ಹೆಚ್ಚು: ಮೀನು ಮಾರುವವಳು, ಕಟುಕ, ಲೋಕೋದ್ಧಾರಕನ ಜನನದ ಪರಿವೆಯೇ ಇಲ್ಲದೆ ನಿದ್ದೆ ಹೊಡೆಯುತ್ತಿರುವ ಒಬ್ಬ ಕುರುಬ. ಮೇವಿನ ತೊಟ್ಟಿ ಮಾತ್ರ ಖಾಲಿ. ಇಪ್ಪತ್ತನಾಲ್ಕರ ಮಧ್ಯರಾತ್ರಿ, ಮೀನಿನೂಟ ಮುಗಿದ ಮೇಲೆ, ಮನೆಯ ಕಿರಿಯರು ಶಿಶುವನ್ನು ಅದರಲ್ಲಿ ಮಲಗಿಸಬೇಕೆಂಬುದು ಅವರ ಮನೆಯ ಸಂಪ್ರದಾಯ.

ಇಲ್ಲಿ ಕಿರಿಯಳೆಂದರೆ ಅವರ ಈ ಮಗಳೇ. ಆ ರಾತ್ರಿ ಅವಳಿಗೆ ಡ್ಯೂಟಿ. ಅಪ್ಪ ಸಮುದ್ರ ದಾಟಿ ಬಂದದ್ದೇ ಆ ರಾತ್ರಿಗಾಗಿ.

ಇಪ್ಪತ್ತೊಂದರ ಶುಕ್ರವಾರವೇ ಹಬ್ಬ ಮಾಡೋಣವೆಂದು ಅವಳು ಸೂಚಿಸಿದಳು. ಕೊಲ್ಲಿಯಲ್ಲಿ ದೀಪಾವಳಿ, ಓಣಂ, ರಾಜ್ಯೋತ್ಸವಗಳೆಲ್ಲ ವಾರದ ರಜೆಯನ್ನು ನೋಡಿಕೊಂಡು ಶುಕ್ರವಾರವೇ ಅವತರಿಸುತ್ತವೆ. ಮುದುಕರು ಒಪ್ಪಲಿಲ್ಲ.

"ದಿನ ತುಂಬೋಕೆ ಮುಂಚೆ ಹೆರಿಗೆ ಮಾಡಿಸೋಕೆ ನಾನೇನು ಡಾಕ್ಟರಾ?" ಎಂದರಂತೆ.

ಅವಳು ನನ್ನ ಮೊರೆಹೊಕ್ಕಳು. "ಅಂಕಲ್, ತಾರೀಖೇ ನಿಮ್ಮ ಕೆಲಸ. ಸ್ವಲ್ಪ ಅಪ್ಪನಿಗೆ ಹೇಳಿ."

ಹೇಳಿದೆ. ಡಿಸೆಂಬರ್ ಇಪ್ಪತ್ತೈದಕ್ಕೆ ಬೈಬಲಿನಲ್ಲಿ ಆಧಾರವಿಲ್ಲ. ಪೋಪ್ ಪಂಚಾಂಗ ತಿದ್ದಿದಾಗ ಹತ್ತು ದಿನಗಳನ್ನೇ ಕೈಬಿಟ್ಟರು. ಹಳೆಯ ಗಣನೆಯವರಿಗೆ ಹಬ್ಬ ಜನವರಿಯಲ್ಲಿ. ಮಗಳು ಒಂದೊಂದನ್ನೂ ಇಟಾಲಿಯನ್ನಿಗೆ ತಿರುಗಿಸಿದಳು. ಮುದುಕರು ಶ್ರದ್ಧೆಯಿಂದ ಕೇಳಿ, ಮಗಳಿಗೇನೋ ಅಂದರು.

"ಹಾಗಾದ್ರೆ ಇಷ್ಟು ವರ್ಷ ನಾನು ತಪ್ಪು ದಿನ ಹಬ್ಬದ ಹಾವುಮೀನು ತಿಂದೆ ಅಂತಾನಾ ಈ ಮನುಷ್ಯ, ಅಂತ ಕೇಳ್ತಿದ್ದಾರೆ," ಎಂದಳು ಅವಳು, ಮುಖ ಸಣ್ಣದು ಮಾಡಿಕೊಂಡು.

ಅವರು ಗೋದಲಿಯ ಕಟುಕನನ್ನು ಎತ್ತಿ ಪತ್ರಿಕೆಯಲ್ಲಿ ಸುತ್ತತೊಡಗಿದರು. ಆಮೇಲೆ ಮೀನಿನವಳನ್ನು.

"ರೀ, ಸಾಕು ನಿಮ್ಮ ಪಾಠ," ನನ್ನ ಹೆಂಡತಿ ಕನ್ನಡದಲ್ಲಿ ಗದರಿದಳು. "ಹಬ್ಬ ಮಾಡ್ಸಿ ಅಂದ್ರೆ ಹಬ್ಬಾನೇ ಎತ್ತಿಬಿಟ್ರಲ್ಲ. ನಮ್ಮ ಕೃಷ್ಣ ವರ್ಷಕ್ಕೆಷ್ಟು ಸಲ ಹುಟ್ತಾನೆ, ಅದನ್ನ ಹೇಳಿ."

ಅದನ್ನೂ ಹೇಳಿದೆ. ನಮ್ಮಲ್ಲೂ ಒಬ್ಬ ದೇವರು ಮಧ್ಯರಾತ್ರಿಯೇ ಹುಟ್ಟುತ್ತಾನೆ. ಸ್ಮಾರ್ತರಾದ ನಮಗೆ ಒಂದು ದಿನ, ಪಕ್ಕದ ಮನೆಯ ಅಯ್ಯಂಗಾರರಿಗೆ ಇನ್ನೊಂದು ದಿನ. ಕೆಲವು ವರ್ಷ ನಡುವೆ ತಿಂಗಳೇ ಕಳೆಯುತ್ತದೆ. ಎರಡೂ ಮನೆಗಳ ಚಕ್ಕುಲಿಯನ್ನು ಎರಡೂ ಮನೆಯವರು ತಿನ್ನುತ್ತೇವೆ.

ಮುದುಕರ ಕೈ ನಿಂತಿತು. "ಎರಡು ಸಲ? ಅದಕ್ಕೆ ತಾಯಿ ಒಪ್ಪಿದಳಾ?"

"ಅವನಿಗೆ ತಾಯಂದಿರೂ ಇಬ್ಬರು ಅನ್ನಿ," ಎಂದಳು ನನ್ನ ಹೆಂಡತಿ.

ಮಗಳು ಹೇಳಿ ಮುಗಿಸುವಷ್ಟರಲ್ಲಿ ಮುದುಕರು ಕೆಮ್ಮು ಬರುವಷ್ಟು ನಕ್ಕರು. ಸುತ್ತಿದ್ದ ಮೀನಿನವಳನ್ನು ಬಿಚ್ಚಿ ಮತ್ತೆ ನಿಲ್ಲಿಸಿದರು.

ಶುಕ್ರವಾರ ಮಧ್ಯಾಹ್ನ ಮೀನು ಬೆಂದಿತು. ಸಸ್ಯಾಹಾರಿಗಳಾದ ನಮಗೆ ಸ್ಟ್ರುಫೋಲಿ ಬಂತು, ಎಣ್ಣೆಯಲ್ಲಿ ಕರಿದು ಜೇನಿನಲ್ಲಿ ಹೊರಳಿಸಿದ ಹಿಟ್ಟಿನ ಗುಂಡುಗಳು. ಮಗಳು ಶಿಶುವನ್ನು ಮಲಗಿಸಿ ಮುತ್ತಿಟ್ಟಳು. ಊಟವಾದೊಡನೆ ಮುದುಕರು ಅದನ್ನು ತೊಟ್ಟಿಯಿಂದೆತ್ತಿ ಕನ್ನಡಕದ ಜೊತೆ ಅಂಗಿಯ ಜೇಬಿಗೆ ಸೇರಿಸಿದರು. ಮಂಗಳವಾರ ಇನ್ನೊಂದು ಸಲ ಎಂದರು.

ಮಂಗಳವಾರ ಬೆಳಿಗ್ಗೆ ನಮ್ಮನ್ನು ಕರೆದರು. ಮಗಳು ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ನಿಂತಿದ್ದಳು. ಅಪ್ಪನ ಜೇಬಿಗೆ ಕೈಹಾಕಿ ಶಿಶುವನ್ನು ತೆಗೆದು ತೊಟ್ಟಿಯಲ್ಲಿ ಮಲಗಿಸಿದಳು. ಅವರ ಪಕ್ಕದಲ್ಲಿ ಸೋಫಾದ ಮೇಲೆ ಕುಳಿತವಳು ಷೂ ಬಿಚ್ಚುವ ಮೊದಲೇ ನಿದ್ದೆಹೋದಳು. ನಿಗದಿತ ಮಧ್ಯರಾತ್ರಿ ಕಳೆದು ಬಹಳ ಹೊತ್ತಾಗಿದೆಯೆಂದು ಸೂಚಿಸಲು ನಾನು ಬಾಯಿ ತೆರೆದೆ. ಮಗಳ ತಲೆ ಭುಜದ ಮೇಲಿದ್ದುದರಿಂದ ಮುದುಕರು ಅಲುಗಾಡುವಂತಿರಲಿಲ್ಲ. ಸ್ಟ್ರುಫೋಲಿಯ ತಟ್ಟೆಯಿದ್ದ ಗಿಡ್ಡ ಮೇಜನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.