ಮಂಗಳ ಮುಗಿಯುವವರೆಗೆ ನಿಂತ ವಿಠ್ಠಲ

ಸಿನೆಮಾದ ಹೆಸರು ಎತ್ತಿದರೆ ಸಾಕು, ಅಪ್ಪನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಅದು ಮೂಕಿ ಚಿತ್ರಗಳ ಕಾಲ. ಪುಣೆಯಲ್ಲಿ ದೇವರ ಚಿತ್ರ ಬಂತೆಂದರೆ ಜನ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು, ಪರದೆಗೆ ಕಾಯಿ ಒಡೆಯುತ್ತಿದ್ದರು. ಅಪ್ಪ ಕೀರ್ತನಕಾರ. ಧಾರವಾಡದಿಂದ ಬಂದು ಇಲ್ಲಿಯ ಕನ್ನಡ ಮನೆಗಳಲ್ಲಿ ವರ್ಷಾನುಗಟ್ಟಲೆ ಹರಿಕಥೆ ಹೇಳಿದವನು. ಈಗ ಅವನ ಮುಂದೆ ಕೂರುವವರು ಏಳೆಂಟು ಮುದುಕಿಯರಷ್ಟೇ. ಅವರಲ್ಲೂ ಇಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ. ನಾನು ಖಡಕಿಯ ಗಂಡನ ಮನೆಯಿಂದ ಅವನನ್ನು ನೋಡಲು ಬಂದಾಗಲೆಲ್ಲ ನನ್ನ ಮೇಲೇ ರೇಗುತ್ತಿದ್ದ, ಸಿನೆಮಾ ಕಂಡುಹಿಡಿದವಳು ನಾನೇ ಎಂಬಂತೆ. ದೇವತೆಗಳು ರೆಪ್ಪೆ ಬಡಿಯುವುದಿಲ್ಲ, ಪರದೆಯ ಮೇಲಿನವನು ಬಡಿಯುತ್ತಾನೆ, ಹಾಗಾಗಿ ಅವನು ಬಣ್ಣ ಬಳಿದುಕೊಂಡ ನಟ ಎಂಬುದು ಅಪ್ಪನ ಸಿದ್ಧಾಂತ. ನೋಡದೆಯೇ ಹೇಗೆ ಗೊತ್ತಾಯಿತು ಎಂದು ಕೇಳಿ ಒಮ್ಮೆ ಬೈಸಿಕೊಂಡಿದ್ದೆ.

ಅಂಥವನ ಬಾಗಿಲಿಗೇ ಸಿನೆಮಾ ಮಂದಿರದ ಮಾಲಕ ಬಂದ. ಬೆಳಗಾವಿ ಕಡೆಯ ವ್ಯಾಪಾರಿ. ವಿಠ್ಠಲನ ಭಕ್ತನೊಬ್ಬನ ಚಿತ್ರ ತರಿಸಿದ್ದ. ಮಾತಿನ ಬದಲು ಪರದೆಯ ಮೇಲೆ ಬರುವ ಬರಹವೆಲ್ಲ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ನಮ್ಮ ಹೆಂಗಸರಿಗೆ ಎರಡೂ ಓದಲು ಬಾರದು. ಏಕಾದಶಿಯ ಮಧ್ಯಾಹ್ನ ಅವರಿಗಾಗಿಯೇ ಒಂದು ಆಟ ಇಡುತ್ತೇನೆ, ಪರದೆಯ ಪಕ್ಕ ನಿಂತು ಕಥೆಯನ್ನು ಕನ್ನಡದಲ್ಲಿ ಹೇಳಬೇಕು, ಚೆನ್ನಾಗಿ ನಡೆದರೆ ಪ್ರತಿ ಶುಕ್ರವಾರವೂ ನೀವೇ ಎಂದ. ನಡೆಯದಿದ್ದರೆ ಅಪ್ಪ ಧಾರವಾಡದ ದಾಯಾದಿಗಳ ಹಂಗಿಗೆ ಹೋಗಿ ಬೀಳಬೇಕಿತ್ತು. ಮಗಳ ಮನೆಯ ಅನ್ನ ಉಣ್ಣುವವನಲ್ಲ ಅವನು. ಒಂದು ದಿನ ಬಿಗುಮಾನದಿಂದ ಕೂತ, ಮರುದಿನ ಒಪ್ಪಿಕೊಂಡ.

ಅವನ ಕಣ್ಣು ಮಂದವಾಗಿತ್ತು, ಬರಹ ಓದಿ ಹೇಳಲು ಇಲ್ಲಿಯ ಶಾಲೆಯಲ್ಲಿ ಮರಾಠಿ ಕಲಿತಿದ್ದ ನಾನು ಬೇಕಾದೆ. ತಾಳ ಹಾಕುವುದಕ್ಕೂ ಅಪ್ಪಣೆ ಸಿಕ್ಕಿತು. ಹಾಡುವುದಕ್ಕೆ ಮಾತ್ರ ಇಲ್ಲ. ತನ್ನ ಪದಗಳನ್ನೆಲ್ಲ ನನಗೆ ಕಲಿಸಿದವನೂ ಅವನೇ, ಹೆಣ್ಣುಮಕ್ಕಳು ಸಭೆಯಲ್ಲಿ ಬಾಯಿ ತೆರೆಯಬಾರದು ಎನ್ನುವವನೂ ಅವನೇ.

ಏಕಾದಶಿಯ ಮಧ್ಯಾಹ್ನ ಬಂತು. ಇಳಕಲ್ ಸೀರೆಗಳಿಂದ ಮಂದಿರ ತುಂಬಿಹೋಗಿತ್ತು. ಎಲ್ಲರಿಗೂ ಉಪವಾಸ, ಎಲ್ಲರ ಮಡಿಲಲ್ಲೂ ಶೇಂಗಾ ಉಂಡೆ. ಹಿಂದೆ ಯಂತ್ರದ ಹತ್ತಿರ ತುಳಸಿ ಮಾಲೆಯ ಮರಾಠಿಯವನೊಬ್ಬ ನಿಂತಿದ್ದ. ಹಿಡಿಕೆಯನ್ನು ಅವನು ಕೈಯಿಂದ ತಿರುಗಿಸಿದರೆ ಚಿತ್ರ ಓಡುತ್ತದೆ. ಅಪ್ಪ ಪರದೆಗೆ ಬೆನ್ನು ಕೊಟ್ಟು, ಶಾಲು ಹೊದ್ದು ನಿಂತ. ನಾನು ಬರಹ ಓದಿ ಪಿಸುಗುಟ್ಟಿದೆ. ಅವನು ಶುರು ಮಾಡಿದ ನೋಡಿ, ಅಬ್ಬಾ! ನಾನು ಒಂದು ಸಾಲು ಹೇಳಿದರೆ ಅವನು ಹತ್ತು ಹೇಳಿದ. ಪರದೆಯಲ್ಲಿ ಭಕ್ತ ಅತ್ತರೆ ಇಡೀ ಮಂದಿರವನ್ನು ಅಳಿಸಿದ. ಚಿತ್ರ ಮುಂದೆ ಓಡಿದಾಗ ಹಾರಿ ಹಿಡಿದ, ಹಿಂದೆ ಬಿದ್ದಾಗ ಪುಂಡಲೀಕನ ಒಂದು ಉಪಕಥೆ ತುರುಕಿದ. ನನಗೆ ತಾಳ ಬಿಸಾಕಿ ಕುಣಿಯಬೇಕೆನಿಸಿತು.

ಅಷ್ಟರಲ್ಲಿ ವಿಠ್ಠಲ ಬಂದ. ಇಟ್ಟಿಗೆಯ ಮೇಲೆ, ಟೊಂಕದ ಮೇಲೆ ಕೈಯಿಟ್ಟುಕೊಂಡು. ಹೆಂಗಸರೆಲ್ಲ ಎದ್ದು ನಿಂತರು. ಕೀರ್ತನದಲ್ಲಿ ದೇವರ ದರ್ಶನವಾದ ಗಳಿಗೆ ಕಥೆ ನಿಲ್ಲುತ್ತದೆ, ಮಂಗಳಾರತಿ ಆಗುತ್ತದೆ. ಅಪ್ಪ ರೂಢಿಯಂತೆ ಬಲಗೈ ಎತ್ತಿದ. ವಾದ್ಯದವರು ನಿಲ್ಲಿಸಬೇಕೆನ್ನುವುದಕ್ಕೆ ಅದೇ ಸನ್ನೆ. ತುಳಸಿ ಮಾಲೆಯವನೂ ಕೀರ್ತನಗಳಲ್ಲೇ ಬೆಳೆದವನು. ಆ ಕೈ ಕಂಡೊಡನೆ ತನ್ನ ಕೈ ನಿಲ್ಲಿಸಿಬಿಟ್ಟ.

ಯಂತ್ರ ನಿಂತರೆ ದೀಪದ ಕಾವಿಗೆ ಚಿತ್ರದ ಪಟ್ಟಿ ಸುಡುತ್ತದೆ. ವಿಠ್ಠಲನ ಎದೆಯ ಮೇಲೆ ಕಂದು ಗುಳ್ಳೆ ಎದ್ದಿತು, ತೂತಾಯಿತು, ಮುಖದವರೆಗೆ ಹಬ್ಬಿತು. ಚೀರಾಟ ಕೇಳಿ ಅಪ್ಪ ತಿರುಗಿದ. ಬಣ್ಣದ ನಟ, ರೆಪ್ಪೆ ಬಡಿಯುವವನು ಎನ್ನುತ್ತಿದ್ದ ನಮ್ಮಪ್ಪ ಹೆಗಲ ಶಾಲು ಕಿತ್ತು ಪರದೆಗೆ ಬಡಿಯತೊಡಗಿದ, ಬೆಂಕಿ ಆರಿಸಲು. ಪರದೆ ತಣ್ಣಗಿತ್ತು. ಸುಡುತ್ತಿದ್ದದ್ದು ಹಿಂದೆ, ಯಂತ್ರದಲ್ಲಿ. ಯಂತ್ರದ ಬಳಿಯವರು ದೀಪ ಆರಿಸಿ, ಬಾಗಿಲು ತೆರೆದು ಬೆಳಕು ಬಿಟ್ಟಾಗ ಅಪ್ಪ ಶಾಲನ್ನು ಪರದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನಗುವ ಧೈರ್ಯ ಯಾರಿಗೂ ಆಗಲಿಲ್ಲ.

ಮಾಲಕ ಕೆಂಡವಾದ. ಆಟ ಮುಗಿಯಿತು, ಮುಂದಿನ ಆಟದವರು ಹೊರಗೆ ಕಾಯುತ್ತಿದ್ದಾರೆ, ನೀವು ಇನ್ನು ಇತ್ತ ಬರುವುದೇ ಬೇಡ ಎಂದು ಅಪ್ಪನಿಗೆ ಹೇಳಿಬಿಟ್ಟ. ಆದರೆ ಮುಂದಿನ ಸಾಲಿನಲ್ಲಿ ಅವನ ತಾಯಿಯೇ ಕೂತಿದ್ದಳು.

"ಮಂಗಳಾರತಿ ಆಗದ ಕೀರ್ತನ ಬಿಟ್ಟು ಏಳಬಾರದಪಾ," ಎಂದಳು ಮುದುಕಿ. "ಹೆಂಗೂ ಇವತ್ತ ಯಾರ ಮನ್ಯಾಗೂ ಒಲಿ ಹಚ್ಚೂದಿಲ್ಲ. ನಾಳೆ ಬೆಳಗಾಗೂತನಕಾ ಕೂಡ್ತೀವಿ."

ಇಡೀ ಮಂದಿರ ಕೂತುಬಿಟ್ಟಿತು. ಮಾಲಕ ತಾಯಿಯ ಮುಖ ನೋಡಿದ, ಬಾಗಿಲ ಕಡೆ ನೋಡಿದ, ತಲೆ ಚಚ್ಚಿಕೊಂಡ. ಆಗ ತುಳಸಿ ಮಾಲೆಯವನು, ತಪ್ಪು ತನ್ನದೂ ಹೌದು ಎಂಬ ಮುಖ ಹೊತ್ತು, ಒಂದು ಉಪಾಯ ಹೇಳಿದ. ಸುಟ್ಟದ್ದನ್ನು ಕತ್ತರಿಸಿ, ವಿಠ್ಠಲ ಸುಮ್ಮನೆ ನಿಂತಿರುವ ಉಳಿದ ತುಂಡಿನ ಎರಡೂ ತುದಿ ಸೇರಿಸಿ ಅಂಟಿಸಿದರೆ ಬಳೆಯಂತಾಗುತ್ತದೆ. ತಾನು ತಿರುಗಿಸುವಷ್ಟು ಹೊತ್ತೂ ದೇವರು ಹೋಗುವುದಿಲ್ಲ. ಆರತಿಯ ಪದ ನಿಂತಾಗಲೇ ತಾನೂ ದೀಪ ಮುಚ್ಚುವುದಾಗಿ ಹೇಳಿದ. ಕತ್ತರಿ, ಅಂಟು ತೆಗೆದುಕೊಂಡು ಕೂತ.

ಬಾಗಿಲು ಮುಚ್ಚಿದರು. ಬೆಳಕು ಬಿತ್ತು. ವಿಠ್ಠಲ ನಿಂತಿದ್ದ, ಹೋಗಲೊಲ್ಲ! ಅಪ್ಪ ತಂದಿದ್ದ ಆರತಿ ತಟ್ಟೆಯ ದೀಪ ಹೊತ್ತಿತು. ಅಪ್ಪ ಬಾಯಿ ತೆರೆದ, ಅತ್ತು ಅತ್ತು ಕಟ್ಟಿದ ಗಂಟಲಿನಿಂದ ಗಾಳಿಯಷ್ಟೇ ಬಂತು. ಇನ್ನೊಮ್ಮೆ ಪ್ರಯತ್ನಿಸಿದ. ಹೆಂಗಸರು ಕಾಯುತ್ತಿದ್ದರು. ನನ್ನ ಕೈಯ ತಾಳ ಹಾಗೇ ನಿಂತಿತ್ತು. ಅಪ್ಪ ನನ್ನ ಕಡೆ ಬಾಗಿದ.

"ನೀ ಹಾಡು, ತಂಗೀ. ನಾ ನೋಡ್ತೀನಿ."

ಹಾಡಿದೆ. ಮೊದಲ ಸಾಲು ಹೇಗೆ ಬಂತೋ ಕಾಣೆ, ಎರಡನೆಯ ಸಾಲಿಗೆ ಮುನ್ನೂರು ಹೆಂಗಸರು ನನ್ನ ಜೊತೆ ಇದ್ದರು. ಆರತಿ ಸುತ್ತಿ ಬಂತು. ಯಂತ್ರದಲ್ಲಿ ಪಟ್ಟಿಯ ಬಳೆ ಒಂದು ಸುತ್ತು ಬಂದಾಗಲೆಲ್ಲ ವಿಠ್ಠಲ ಒಮ್ಮೆ ರೆಪ್ಪೆ ಬಡಿಯುತ್ತಿದ್ದ. ನನ್ನನ್ನೇ ನೋಡಿದ ನೋಡ್ರೀ ಎಂದು ಯಾರೋ ಹಿಂದಿನಿಂದ ಹೇಳುವುದು ಕೇಳಿಸಿತು. ಮಾಲಕನ ತಾಯಿ ಬಾಗಿಲಲ್ಲಿ ನಿಂತಿದ್ದ ಮಗನಿಗೆ, ಬರುವ ಶುಕ್ರವಾರವೂ ಅಪ್ಪ ಮಗಳು ಇಬ್ಬರಿಗೂ ಹೇಳಿಡು ಎಂದು ಎಲ್ಲರೆದುರೇ ಅಪ್ಪಣೆ ಕೊಟ್ಟಳು.

ಪದದ ಕೊನೆಯ ನುಡಿ ಮುಗಿಯುತ್ತ ಬಂತು. ಅಪ್ಪನ ಕಡೆ ತಿರುಗಿದೆ. ಮಂದಗಣ್ಣಿನವನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿದ್ದ. ಅವನ ತಲೆಯ ನೆರಳು ವಿಠ್ಠಲನ ಪಾದದ ಮೇಲೆ ಬಿದ್ದಿತ್ತು. ಇನ್ನೂ ನೋಡುತ್ತಿದ್ದ. ನಾನು ಮೊದಲ ನುಡಿಯನ್ನೇ ಮತ್ತೆ ಎತ್ತಿಕೊಂಡೆ.