ಮಂಚಮ್ಮನ ಗಂಟು

ನಂಜನಗೂಡಿನ ಮಟನ್ ಅಂಗಡಿಯ ಹಿಂದೆ ಕುರಿಯ ತಲೆ, ಕಾಲು ಸುಟ್ಟುಕೊಡುತ್ತಿದ್ದ ಮಂಚಮ್ಮನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ತಿ. ನರಸೀಪುರದಿಂದ ಮದುವೆಯಾಗಿ ಬಂದ ಮೇಲೆ ಊರಿಗೆಲ್ಲ ಅವಳು ‘ತಲೆ ಸುಡೋಳು’. ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಅಟೆಂಡರ್. ೧೯೯೪ರಿಂದ ವಾರಕ್ಕೆರಡು ಸಲ ಸಂಜೆ ಅವಳಿಗೆ ಐಸ್ ಡಬ್ಬಿ ಕೊಟ್ಟು, ಬೆಳಿಗ್ಗೆ ಅದರ ತುಂಬ ಕುರಿಯ ಕಣ್ಣು ಒಯ್ಯುತ್ತಿದ್ದೆ.

ಕಣ್ಣು ಬೇಕಾಗಿದ್ದುದು ಪಿಎಚ್.ಡಿ. ಮಾಡುತ್ತಿದ್ದ ಅಮೃತೇಶರಿಗೆ. ಕಣ್ಣಿನ ಒಳಪದರದಲ್ಲಿ ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಸೆರೊಟೋನಿನ್ ಎಂಬ ವಸ್ತುವನ್ನು ಬಳಸುತ್ತದಂತೆ, ಅದನ್ನು ಅಳೆಯಬೇಕು. ಬೆಳಕೋ ಬಿಸಿಯೋ ತಾಗಿದರೆ ಕೆಟ್ಟಿತು. ಮಂಚಮ್ಮ ತಲೆಯನ್ನು ಬೆಂಕಿಗೊಡ್ಡುವ ಮೊದಲೇ ಕಣ್ಣು ತೆಗೆದು, ಹಳೆಯ ಕೊಡೆಯ ಕಪ್ಪು ಬಟ್ಟೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಐಸಿನಲ್ಲಿಡುತ್ತಿದ್ದಳು. ಅಷ್ಟು ಚೊಕ್ಕ ಕೈ ನಮ್ಮ ಲ್ಯಾಬಿನಲ್ಲಿ ಯಾರದೂ ಇರಲಿಲ್ಲ, ಅಮೃತೇಶರದಂತೂ ಇರಲೇ ಇಲ್ಲ.

ಎರಡು ವರ್ಷವಾದರೂ ಅವರ ಅಂಕಿಗಳು ತಾಳೆಯಾಗಲಿಲ್ಲ. ಒಂದು ಕಣ್ಣಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಒಂದು ದಿನ ಅಮೃತೇಶರು ಅಂಗಡಿಗೇ ಬಂದು ಅವಳೆದುರೇ ತಲೆ ಮೇಲೆ ಕೈ ಹೊತ್ತು ಕೂತರು.

“ಸಾ, ಒತ್ತು ಮೂಡಕ್ಕೆ ಮುಂಚೆ ಕುಯ್ದುದ್ದೂ, ಬಿಸ್ಲಲ್ಲಿ ನಿಂತಿದ್ದ ಕುರೀದೂ ಒಂದೇ ಡಬ್ಬಿಗೆ ಆಕ್ತಿದ್ದೀವಿ. ಕತ್ಲಲ್ಲಿದ್ದ ಕಣ್ಣೂ ಬೆಳ್ಕು ಕಂಡ ಕಣ್ಣೂ ಒಂದೇಯಾ?” ಎಂದಳು ಮಂಚಮ್ಮ.

ಅಂದಿನಿಂದ ಕತ್ತಲ ಕಣ್ಣಿಗೆ ಒಂದು ಗಂಟು, ಬಿಸಿಲ ಕಣ್ಣಿಗೆ ಎರಡು. ಅದೂ ಅವಳದೇ ಯೋಚನೆ. ಕತ್ತಲಲ್ಲಿ ಸೆರೊಟೋನಿನ್ ಬೇರೊಂದು ವಸ್ತುವಾಗಿ ಮಾರ್ಪಟ್ಟು ಕಡಿಮೆಯಾಗುತ್ತಿತ್ತು; ಅಂಕಿಗಳು ಸರಿಹೋದವು. ಅಮೃತೇಶರು ಕೈಮುಗಿದು, “ಮಂಚಮ್ಮ, ನಿಮ್ಮ ಹೆಸರು ಪುಸ್ತಕದಲ್ಲಿ ಬರುತ್ತೆ” ಎಂದರು. ರೇಷನ್ ಕಾರ್ಡ್ ಬಿಟ್ಟರೆ ಎಲ್ಲೂ ಅಚ್ಚಾಗದ ಹೆಸರು ಅದು. ನಾಲ್ಕು ವರ್ಷ ಪ್ರತಿ ಸಲವೂ ನನ್ನನ್ನು ಕೇಳುತ್ತಿದ್ದಳು: “ಅಚ್ಚಾಯ್ತಾ ಶಿವಸ್ವಾಮಣ್ಣ?”

೨೦೦೦ದಲ್ಲಿ ಅವರ ಪಿಎಚ್.ಡಿ. ಪ್ರಬಂಧ ಅಚ್ಚಾಯಿತು. ಅವಳ ಒತ್ತಾಯ ತಾಳದೆ ಒಂದು ಪ್ರತಿ ಒಯ್ದೆ. ಪಿಯುಸಿ ಓದುತ್ತಿದ್ದ ಮಗಳು ರಂಜಿನಿ ಇಂಗ್ಲಿಷ್ ಸಾಲುಗಳ ಮೇಲೆ ಬೆರಳಾಡಿಸುತ್ತ ಅಮ್ಮನ ಹೆಸರು ಹುಡುಕಿದಳು. ವಂದನೆಯ ಪುಟದಲ್ಲಿ ಗುರುಗಳಿದ್ದರು, ಹೆಂಡತಿ ಇದ್ದರು, ಮಟನ್ ಅಂಗಡಿಯ ಮಾಲೀಕನೂ ಇದ್ದ. ಮುಂದೊಂದು ಪುಟದಲ್ಲಿ ಗಂಟಿನ ಫೋಟೊ, ಕಟ್ಟುತ್ತಿರುವ ಹೆಬ್ಬೆರಳಿನ ಸುಟ್ಟ ಕಲೆಯ ಸಮೇತ. ಅದರ ಕೆಳಗಿದ್ದುದನ್ನು ರಂಜಿನಿ ಕನ್ನಡದಲ್ಲಿ ಹೇಳಿದಳು: “ಈ ಗುರುತಿನ ಕ್ರಮವನ್ನು ಲೇಖಕನೇ ರೂಪಿಸಿದ್ದಾನೆ.”

ಮಂಚಮ್ಮ ಫೋಟೊ ಸವರಿದಳು. “ಬೆಳ್ಳು ನಂದೇಯ,” ಎಂದಳು.

ಮುಂದಿನ ವಾರ ಹೊಸ ಪ್ರಾಜೆಕ್ಟಿಗೆಂದು ಅಮೃತೇಶರೇ ನನ್ನ ಜೊತೆ ಬಂದರು. ಕಪ್ಪು ಪೊಟ್ಟಣಗಳು ಸಿದ್ಧವಿದ್ದವು. ಕತ್ತಲದು, ಬಿಸಿಲದು ಎನ್ನದೆ ಎಲ್ಲಕ್ಕೂ ಒಂದೇ ಗಂಟು.

“ಇದರಲ್ಲಿ ಕತ್ತಲಿಂದು ಯಾವುದು?”

“ಗಂಟು ಕಂಡಿಡ್ದೋರು ನೀವಂತಲ್ಲಾ ಸಾ, ನೀವೇ ನೋಡ್ಕಳಿ.”

ಅವರು ಎಲ್ಲವನ್ನೂ ಅಲ್ಲೇ ಬಿಟ್ಟು ದುರ್ದಾನ ತೆಗೆದುಕೊಂಡವರಂತೆ ಹೊರಟರು. ನನಗೆ ಖುಷಿಯಾಗಿ ನಕ್ಕೆ. ಮಂಚಮ್ಮ ನಗಲಿಲ್ಲ.

“ಆ ಪುಸ್ತಕವ ಬೈಂಡಿಂಗ್‌ಗೆ ಒತ್ಕಂಡೋದೋನು ನೀನೇ ಅಲ್ವಾ ಶಿವಸ್ವಾಮಣ್ಣ? ನಿಂಗೂ ಗೊತ್ತಿತ್ತಾ?”

ಗೊತ್ತಿತ್ತು. ಆ ಪುಟ ಓದಿ, ಕೆಲಸಕ್ಕೆ ಕುತ್ತು ಬಂದೀತೆಂದು ಸುಮ್ಮನಿದ್ದೆ. ಅವಳಿಗೆ ಓದು ಬಾರದೆಂಬ ಧೈರ್ಯದಲ್ಲೇ ಪ್ರತಿ ಒಯ್ದಿದ್ದೆ. ಅವಳು ಡಬ್ಬಿಯ ಐಸು ನೆಲಕ್ಕೆ ಸುರಿದು, ಖಾಲಿ ಡಬ್ಬಿಯನ್ನು ನನ್ನ ಕೈಗಿಟ್ಟಳು.